ಸಪ್ಪಳದ ಜೋಡು

ಅಥಣಿಯ ನಮ್ಮ ಓಣಿಯಲ್ಲಿ ಆಗ ಚಪ್ಪಲಿ ಎನ್ನುವವರು ಕಡಿಮೆ, ಎಲ್ಲರ ಬಾಯಲ್ಲೂ ಜೋಡು. ಅಪ್ಪ ಅಟ್ಟೆ ಹೊಲಿಯುತ್ತಿದ್ದ, ಅವ್ವ ಮೇಲಿನ ಪಟ್ಟಿಗೆ ಹೆಣಿಕೆ ಹಾಕುತ್ತಿದ್ದಳು, ನಾನು ಸಾಲಿ ಬಿಟ್ಟ ಮೇಲೆ ಬಂದು ಎಣ್ಣೆ ಹಚ್ಚುತ್ತಿದ್ದೆ. ಅಟ್ಟೆಯ ಎರಡು ಪದರಗಳ ನಡುವೆ ಅಪ್ಪ ಒಣಗಿದ ಬೀಜವೊಂದನ್ನು ಇಟ್ಟು ಹೊಲಿಯುತ್ತಿದ್ದ. ಹೆಜ್ಜೆ ಊರಿದರೆ ಕರ್ ಕರ್ ಎನ್ನಬೇಕು. ಆ ಸಪ್ಪಳ ಅವನಂತೆ ಯಾರಿಗೂ ಕೂಡಿಬರುತ್ತಿರಲಿಲ್ಲ, ಇದನ್ನು ನಾನು ಮಗಳೆಂಬ ಅಭಿಮಾನಕ್ಕೆ ಹೇಳುತ್ತಿಲ್ಲ.

ರಾಯಬಾಗ, ಕಾಗವಾಡ ಕಡೆಯ ರೈತರು ಕೊಳ್ಳುವ ಮೊದಲು ಓಣಿಯ ತುದಿಯವರೆಗೆ ನಡೆದು ನೋಡುತ್ತಿದ್ದರು. "ಎಡಗಾಲಿಂದು ಮಾತಾಡವಲ್ದಲ್ಲೋ, ಸಿಟ್ಟಿಗೆದ್ದೈತೇನು?" ಎಂದು ಕಾಡುತ್ತಿದ್ದರು. ಅಪ್ಪ ನಗುತ್ತ ಹೊಲಿಗೆ ಬಿಚ್ಚಿ ಮತ್ತೆ ಕೂರುತ್ತಿದ್ದ.

ತೊಂಬತ್ತರ ದಶಕದಲ್ಲಿ ಮುಂಬೈಯ ಏಜೆಂಟನೊಬ್ಬ ಬಂದ. ನಮ್ಮ ಜೋಡು ವಿಮಾನ ಹತ್ತಿ ಫಾರಿನ್ನಿಗೆ ಹೋಗುತ್ತದೆ ಎಂದ. ಓಣಿಗೆ ಓಣಿಯೇ ಹಿಗ್ಗಿತು. ಪರದೇಶದವರ ಮುಂದೆ ನಮ್ಮ ಮರ್ಯಾದೆ ಹೋಗಬಾರದೆಂದು ಅಪ್ಪ ಬೀಜಗಳನ್ನು ಆರಿಸಿ ಆರಿಸಿ, ಒಂದೊಂದು ಅಟ್ಟೆಗೂ ಇಟ್ಟ. ಅಷ್ಟು ಚಂದ ಮಾತಾಡುವ ಜೋಡು ಅವನು ಅದಕ್ಕೂ ಮೊದಲು ಮಾಡಿರಲಿಲ್ಲ.

ಕೆಲ ತಿಂಗಳ ಮೇಲೆ ಏಜೆಂಟ ಒಂದು ಚೀಲ ತಂದು ನಮ್ಮ ಕಟ್ಟೆಯ ಮೇಲೆ ಸುರಿದ. ಎಲ್ಲವೂ ನಮ್ಮವೇ ಜೋಡು, ಅಟ್ಟೆ ಸೀಳಿದ್ದವು. ಸಪ್ಪಳ ಯಾಕೆಂದು ಅಲ್ಲಿಯವರು ಕೊಯ್ದು ನೋಡಿದ್ದರು. ಬೀಜ ಕಂಡು ಚರ್ಮದಲ್ಲಿ ಹುಳ ಬಿದ್ದಿದೆ ಎಂದರಂತೆ. ಹುಳ ಬಿದ್ದದ್ದು ಅವರ ತಲೆಯಲ್ಲಿ!

"ಆವಾಜ್ ನಕೋ," ಎಂದ ಏಜೆಂಟ. "ಮುಂದಿನ ಮಾಲು ಮೂಕ ಇರಬೇಕ್ರಿ."

ಅಪ್ಪ ಸೀಳಿದ ಅಟ್ಟೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತ ಕೂತ. ಅವ್ವ, "ಹೋಗ್ಲಿ ಬಿಡು, ಅವರಿಗೇನ್ ತಿಳೀತೈತಿ, ಊರಾಗಿನ ಗಿರಾಕಿ ಅದಾರಲ್ಲ," ಎಂದಳು. ಅಪ್ಪ ಅದನ್ನೇ ನಂಬಿದ. ಫಾರಿನ್ನಿಗೆ ಮೂಕ ಜೋಡು, ನಮ್ಮವರಿಗೆ ಮಾತಾಡುವ ಜೋಡು ಎಂದು ಎರಡು ಬೇರೆ ಗುಡ್ಡೆ ಹಾಕಿ ಕೆಲಸ ನಡೆಸಿದ.

ಮರುವರ್ಷ ಲಗ್ನದ ಕಾಲದಲ್ಲಿ ಹಾರೂಗೇರಿಯ ಹುಡುಗನೊಬ್ಬ ಬಂದ. ಅವನೇ ಮದುಮಗ. ಅಪ್ಪ ಚಲೋ ಸಪ್ಪಳದ್ದೊಂದನ್ನು ಮುಂದಿಟ್ಟರೆ ಅವನು ಮುಟ್ಟಲಿಲ್ಲ.

"ಇದು ಹಳ್ಳಿ ಮಂದಿ ಹಾಕ್ಕೊಳ್ಳೂದ್ರಿ. ಫಾರಿನ್ನಿಗೆ ಕಳಸ್ತೀರಂತಲ್ಲ, ಅದನ್ನ ಕೊಡ್ರಿ."

"ಲಗ್ನದ ಜೋಡು, ತಮ್ಮಾ. ಮದುಮಗ ಬಂದದ್ದು ನಾಕ್ ಮಂದೀಗೆ ಕೇಳಬೇಕು," ಎಂದ ಅಪ್ಪ. ಅಪ್ಪ ಗಿರಾಕಿಯ ಹತ್ತಿರ ಹಾಗೆ ಅಂಗಲಾಚಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಹುಡುಗ ನಕ್ಕು ತಲೆ ಅಲ್ಲಾಡಿಸಿದ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಪ್ಪ ಮೂಕ ಜೋಡು ತೆಗೆದುಕೊಟ್ಟು, ತಲೆ ಬಗ್ಗಿಸಿ ಹೊಲಿಗೆಗೆ ಕೂತ. ಹುಡುಗ ಅಲ್ಲೇ ಹೊಸದನ್ನು ಮೆಟ್ಟಿಕೊಂಡು ನಡೆದ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ತಲೆ ಎತ್ತದೆಯೇ ನನ್ನನ್ನು ಕೇಳಿದ: "ಇನ್ನೂ ನಿಂತಾನೇನ ಅಂವ?"

ಅವನು ಆಗಲೇ ಓಣಿ ದಾಟಿ ಹೋಗಿದ್ದ.