ಲೆನೋರಮ್ಮನ ಸೈನು

ಇಪ್ಪತ್ತೆರಡು ವರ್ಷ ತಿಪಟೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ಸಂಪಾದಿಸಿದ್ದ ಮರ್ಯಾದೆಯನ್ನು ಮಹಾಂತೇಶ್ ಮೇಷ್ಟ್ರು ನೊಣವಿನಕೆರೆಯ ಚಿಕ್ಕಮ್ಮನ ಮನೆಯಲ್ಲಿ, ಏಣಿಯ ಮೇಲೆ, ಒಂದೇ ನಿಮಿಷದಲ್ಲಿ ಕಳೆದುಕೊಂಡರು. ನಡುಮನೆಯ ಗೋಡೆಗೆ, ಅಟ್ಟದ ತೊಲೆ ತಾಗುವಷ್ಟು ಎತ್ತರದಲ್ಲಿ ತೂಗುಹಾಕಿದ್ದ ಫೋಟೋ ಇಳಿಸಲು ಹತ್ತಿದ್ದರು. ಫೋಟೋ ಕೈಗೆ ಬಂತು, ಪಂಚೆ ಏಣಿಯ ಮೊಳೆಗೆ ಸಿಕ್ಕಿತು. ಎರಡು ಕೈಯಲ್ಲೂ ಗಾಜಿನ ಚೌಕಟ್ಟು. ಪಂಚೆ ಹಿಡಿಯಲು ಮೂರನೆಯ ಕೈಯನ್ನು ದೇವರು ಕೊಟ್ಟಿರಲಿಲ್ಲ. ಕೆಳಗೆ ಜಮಖಾನದ ಮೇಲೆ ಬೀದಿಯ ಒಂಬತ್ತು ಹೆಂಗಸರು ಕೂತಿದ್ದರು. ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತ ಮೇಷ್ಟ್ರನ್ನು ಕಂಡು ಎಂಟು ಜನ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಂಬತ್ತನೆಯವರಾದ ಪಕ್ಕದ ಮನೆಯ ಪುಟ್ಟಗೌರಮ್ಮ ಮಾತ್ರ ಎದ್ದು ಬಂದು ಕೈಯೊಡ್ಡಿದರು.

"ಮೊದ್ಲು ಫೋಟೋ ಕೊಡ್ರೀ ಮೇಷ್ಟ್ರೇ. ಪಂಚೆ ಎಲ್ಲೂ ಓಡೋಗಲ್ಲ."

ಫೋಟೋದಲ್ಲಿದ್ದದ್ದು ಲೆನೋರಾ ವೇಲ್. ಹಾಲಿವುಡ್ಡಿನ ಹಳೆಯ ನಟಿ, ತೀರಿಕೊಂಡು ಎಷ್ಟೋ ವರ್ಷವಾಗಿದೆ. ಬಲಗೈ ಸೊಂಟದ ಮೇಲೆ, ಗದ್ದ ಕೊಂಚ ಮೇಲಕ್ಕೆ, ಕೆಳಗೆ ನೀಲಿ ಶಾಯಿಯಲ್ಲಿ ಬಳುಕಾಡಿದ ಸೈನು. ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗಕ್ಕೆ, ಕುಂಕುಮದ ಕಲೆ. ಅದು ಮನೆಯ ಒಡತಿ, ಮೇಷ್ಟ್ರ ಚಿಕ್ಕಮ್ಮ ಸರ್ವಮಂಗಳಮ್ಮನ ಅತ್ತೆಯ ಕೊಡುಗೆ. ಸೊಸೆಯ ತವರಿನ ಕಡೆಯ ಯಾರೋ ಹಿರಿಯ ಮುತ್ತೈದೆ ಎಂದು ನಂಬಿ ಆಕೆ ಬದುಕಿರುವವರೆಗೂ ಶುಕ್ರವಾರ ತಪ್ಪದೆ ಇಡುತ್ತಿದ್ದರು. ಯಾರೂ ತಿದ್ದಲು ಹೋಗಲಿಲ್ಲ.

ಸರ್ವಮಂಗಳಮ್ಮ ದಂಡಿನಶಿವರದ ಹುಡುಗಿ. ಹದಿನೆಂಟರಲ್ಲಿ ತುಮಕೂರಿನ ಸೋದರತ್ತೆಯ ಮನೆಗೆ ಹೋದಾಗ, ಅಲ್ಲಿನ ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಹಾಕಿದ್ದ ಹಳೇ ಇಂಗ್ಲಿಷ್ ಸಿನಿಮಾ ನೋಡಿದರು. ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಲೆನೋರಾ, ಮಾವ ಭಾವಂದಿರು ಜಗಳವಾಡುತ್ತ ನಿಂತಿದ್ದ ಕೋಣೆಗೆ ನೇರ ಬಂದು, ಕುರ್ಚಿ ಎಳೆದುಕೊಂಡು ಕೂತು, ಅವರ ಮುಂದೆಯೇ ಊಟ ಶುರುಮಾಡಿದ್ದು ಅರ್ಥವಾಯಿತು. ಅಷ್ಟಕ್ಕೇ ಮತ್ತೆ ಮೂರು ಸಲ ಹೋಗಿ ನೋಡಿದರು. ಆಮೇಲೆ ಊರಿನಿಂದ ಹಾಲಿವುಡ್ಡಿಗೆ ಒಂದು ಕಾಗದ ಹೋಯಿತು. ಬರಿಗೈಲಿ ಮಾತಾಡಿಸುವುದು ಹೇಗೆಂದು ಜೊತೆಗೆ ಒಂದು ಕಾಯಿಯೂ ಹೋಯಿತು. ವರ್ಷವಿಡೀ ಅಟ್ಟದ ಮೇಲಿದ್ದು, ಒಳಗಿನ ನೀರು ಪೂರಾ ಇಂಗಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಚಿಪ್ಪಿನೊಳಗೆ ಉಂಡೆ ಕೊಬ್ಬರಿ ಲೊಡಲೊಡ ಎನ್ನುವಂಥ ಕಾಯಿ. ಒಡೆದು ತಿನ್ನಬೇಕು ಎಂಬುದನ್ನು ಬರೆಯಲು ಮರೆತುಹೋಯಿತು. ಈ ಸೀಮೆಯಲ್ಲಿ ಯಾರಿಗಾದರೂ ಹೇಳಿಕೊಡುವ ಮಾತೇ ಅದು?

ಎಂಟು ತಿಂಗಳಿಗೆ ಫೋಟೋ ಬಂತು. ಜೊತೆಗೆ ಟೈಪು ಮಾಡಿದ ಎರಡು ಸಾಲು: ನೀವು ಕಳಿಸಿದ ಸುಂದರವಾದ ಮರದ ಗಿಲಕಿಗೆ ವಂದನೆ, ಅದನ್ನು ಕಪಾಟಿನ ಮೇಲೆ ಇಟ್ಟುಕೊಂಡಿದ್ದೇನೆ.

ನೊಣವಿನಕೆರೆಗೆ ಸೊಸೆಯಾಗಿ ಬಂದಾಗ ಫೋಟೋವೂ ಬಂತು. ಮೂವತ್ತೆರಡಕ್ಕೆ ಗಂಡ ಹೋದರು. ತಿಥಿ ಮುಗಿದ ವಾರಕ್ಕೆ ಭಾವಂದಿರು ಪಡಸಾಲೆಯಲ್ಲಿ ನಿಂತು ತೋಟವನ್ನು ಗುತ್ತಿಗೆಗೆ ಕೊಡುವ ಮಾತಾಡುತ್ತಿದ್ದಾಗ, ಈಕೆ ಒಳಗಿಂದ ಬಂದು ಕುರ್ಚಿ ಎಳೆದುಕೊಂಡು ಕೂತು, ತಟ್ಟೆ ಇಟ್ಟುಕೊಂಡು ಮುದ್ದೆ ಮುರಿದರು. ಮಾತು ಅಲ್ಲಿಗೆ ನಿಂತಿತು. ಅಂದಿನಿಂದ ತೋಟ ಅವರದೇ. ತಿಪಟೂರಿನ ಕೊಬ್ಬರಿ ಹರಾಜಿಗೂ ಅವರೇ. ಸೊಂಟದ ಮೇಲೆ ಕೈಯಿಟ್ಟು, ಗದ್ದ ಎತ್ತಿ ನಿಂತರೆಂದರೆ ಮಂಡಿಯವರು ದನಿ ತಗ್ಗಿಸುತ್ತಿದ್ದರು.

ಕೊಬ್ಬರಿ ಸುಲಿಯಲು ಬರುವ ಹೆಂಗಸರಿಗೆ ಆ ಸಿನಿಮಾದ ಕಥೆ ಹೇಳಿ ಹೇಳಿ, ಬೀದಿಯೇ ಲೆನೋರಮ್ಮನ ಅಭಿಮಾನಿಯಾಯಿತು. ಮೇಷ್ಟ್ರು ಪೆನ್‌ಡ್ರೈವಿನಲ್ಲಿ ಸಿನಿಮಾ ತಂದುಕೊಟ್ಟ ಮೇಲೆ ಪ್ರತಿವರ್ಷ ಆಕೆಯ ಹುಟ್ಟುಹಬ್ಬಕ್ಕೆ ಕಾಯಿಹೋಳಿಗೆ, ಟೀವಿಯ ಮುಂದೆ ಜಮಖಾನ. ಪುಟ್ಟಗೌರಮ್ಮನೂ ತಪ್ಪದೆ ಬರುತ್ತಿದ್ದರು, ಎರಡು ಹೋಳಿಗೆ ತಿನ್ನುತ್ತಿದ್ದರು, ಸೈನು ಮಾತ್ರ ಪ್ರೆಸ್ಸಿನ ಅಚ್ಚು ಎಂದು ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದರು.

ಸುಮ್ಮನಿರಲಾರದ ಮೇಷ್ಟ್ರು ಆ ಫೋಟೋವನ್ನೂ ಜೊತೆಗಿದ್ದ ಎರಡು ಸಾಲನ್ನೂ ಇಂಟರ್ನೆಟ್ಟಿನಲ್ಲಿ ಲೆನೋರಾ ಅಭಿಮಾನಿಗಳ ಗುಂಪೊಂದಕ್ಕೆ ಹಾಕಿದ್ದರು. ಆಕೆಯ ಸೈನುಗಳನ್ನೇ ನಲವತ್ತು ವರ್ಷ ನೋಡುತ್ತ ಬಂದ ಅಮೆರಿಕದ ಮುದುಕರೊಬ್ಬರು ಬರೆದರು: ವೀಡಿಯೊದಲ್ಲಿ ತೋರಿಸಿ, ಅಸಲಿಯೋ ಅಲ್ಲವೋ ಹೇಳುತ್ತೇನೆ. ಆ ಕಾಲದ ನಟಿಯರ ಪತ್ರಗಳಿಗೆ ಬಹುಪಾಲು ಸೆಕ್ರೆಟರಿಗಳೇ ಸೈನು ಹಾಕುತ್ತಿದ್ದರೆಂದು ಮೇಷ್ಟ್ರಿಗೆ ಗೊತ್ತಾಗುವಷ್ಟರಲ್ಲಿ ಚಿಕ್ಕಮ್ಮ ಬೀದಿಗೆಲ್ಲ ಕರೆ ಕೊಟ್ಟಾಗಿತ್ತು. ಭಾನುವಾರ ಹನ್ನೊಂದಕ್ಕೆ, ಎಲ್ಲರ ಎದುರಿಗೆ, ಇತ್ಯರ್ಥ. ಮೇಷ್ಟ್ರು ನೆಟ್‌ವರ್ಕ್ ಸರಿಯಿಲ್ಲ ಎಂದು ನೋಡಿದರು. ಚಿಕ್ಕಮ್ಮ ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯ ಪಕ್ಕಕ್ಕೇ ಜಮಖಾನ ಹಾಸಿಸಿದರು. ಮೇಷ್ಟ್ರು ಗಂಟಲು ನೋವು ಎಂದರು. ಮೆಣಸಿನ ಕಷಾಯ ಬಂತು.

ಹನ್ನೊಂದಕ್ಕೆ ಫೋನು ಹೊಡೆದುಕೊಂಡಿತು. ಪಂಚೆಯನ್ನು ಎರಡು ಗಂಟು ಹೆಚ್ಚಾಗಿ ಬಿಗಿದುಕೊಂಡಿದ್ದ ಮೇಷ್ಟ್ರು ಫೋನೆತ್ತಿದರು. ಅವರು ಇಂಗ್ಲಿಷ್ ಕಲಿಸಿದ್ದುಂಟು, ಇಂಗ್ಲಿಷಿನವರೊಡನೆ ಮಾತಾಡಿದ್ದಿಲ್ಲ. ತೆರೆಯ ಮೇಲಿನ ಮುದುಕ ಸೈನನ್ನು ಹತ್ತಿರ ತರಲು ಹೇಳಿದ. ಭೂತಕನ್ನಡಿ ಹಿಡಿದು, ಇನ್ನೂ ಹತ್ತಿರ ಎಂದ. ಒಲೆಯ ಮೇಲೆ ಇಟ್ಟಿದ್ದ ಹಾಲು ಉಕ್ಕುವ ಸದ್ದು ಕೇಳಿಸಿದರೂ ಯಾರೂ ಏಳಲಿಲ್ಲ. ಸರ್ವಮಂಗಳಮ್ಮ ಮಂಡಿಯ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಮುದುಕ ಗಿಲಕಿಯ ವಿಷಯ ಕೇಳಿದ, ಮೇಷ್ಟ್ರು ವಿವರಿಸಿದರು. ಆತ ಒಮ್ಮೆಲೇ ಎದ್ದು ಹೋಗಿ ಒಂದು ಹಳೇ ಫೋಟೋ ತಂದು ತೆರೆಯ ಮುಂದೆ ಹಿಡಿದ. ಚಿನ್ನದ ಕೂದಲಿನ ಒಂದು ಮಗು, ಅದರ ಕೈಯಲ್ಲಿ ಮೂರು ಕಣ್ಣಿನ ಒಣಗಿದ ಕಾಯಿ.

"ನಮ್ಮ ಕಾಯಿ ಕಣ್ರೇ," ಎಂದರು ಯಾರೋ. ಜಮಖಾನವೆಲ್ಲ ಮುಂದಕ್ಕೆ ಸರಿಯಿತು. ಕಾಯಿ ಮುಟ್ಟಿದೆ ಎಂದ ಮೇಲೆ ಇನ್ನೇನು ಬೇಕು?

ಮುದುಕ ಹೇಳಿದ್ದು ಮೇಷ್ಟ್ರಿಗೆ ಒಬ್ಬರಿಗೇ ತಿಳಿಯಿತು. ಮಗು ಲೆನೋರಾಳ ಮನೆಯದಲ್ಲ, ಸೆಕ್ರೆಟರಿಯ ಮೊಮ್ಮಗಳು; ಆ ಸೆಕ್ರೆಟರಿಯ ಕಾಗದಪತ್ರದ ಜೊತೆ ಫೋಟೋ ಈತನ ಕೈಸೇರಿತ್ತು. ಪಾರ್ಸೆಲ್ ಬಿಚ್ಚಿದ್ದು, ಗಿಲಕಿಯನ್ನು ಮನೆಗೆ ಒಯ್ದದ್ದು, ವಂದನೆ ಟೈಪು ಮಾಡಿದ್ದು, ಸೈನು ಹಾಕಿದ್ದು, ಎಲ್ಲ ಆ ಸೆಕ್ರೆಟರಿಯೇ. ಆ ಬಳುಕನ್ನು ಈತ ಸಾವಿರ ಸಲ ನೋಡಿದ್ದಾನಂತೆ. ಲೆನೋರಾ ಈ ಕಾಗದವನ್ನು ಕಣ್ಣೆತ್ತಿಯೂ ನೋಡಿರಲಾರಳಂತೆ.

"ಏನಂತಪ್ಪಾ ಮಹಾಂತು?" ಎಂದರು ಚಿಕ್ಕಮ್ಮ.

ಒಂಬತ್ತು ಮುಖ ತಿರುಗಿದವು. ಮೇಷ್ಟ್ರು ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳ ಸುಳ್ಳು ಹಿಡಿದವರು. ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ ಎಂದು ಗೊತ್ತಿದ್ದರಿಂದ ಎರಡು ಕಿವಿಯನ್ನೂ ಮುಚ್ಚುವಂತೆ ತಲೆ ಹಿಡಿದು, "ಅಸಲಿ ಅಂತೆ ಚಿಕ್ಕಮ್ಮ," ಎಂದರು.

ಹೆಂಗಸರು ಚಪ್ಪಾಳೆ ತಟ್ಟಿದರು. ಅದನ್ನು ಕಂಡ ಮುದುಕನಿಗೆ ದಿಗಿಲಾಯಿತು. ತನ್ನ ಮಾತು ತಲುಪಲಿಲ್ಲವೆಂದು ಅವನು ಮುಖವನ್ನು ತೆರೆಗೆ ಒತ್ತಿ, ಅಡ್ಡಡ್ಡ ತಲೆಯಾಡಿಸುತ್ತ, ಒಂದೇ ಮಾತನ್ನು ನಿಧಾನವಾಗಿ ಮೂರು ಸಲ ಹೇಳಿದ: ಸಾರಿ, ಸಾರಿ, ಸಾರಿ. ಬಸ್ಸಿನಲ್ಲಿ ಕಾಲು ತುಳಿದವರೆಲ್ಲ ಹೇಳುವ ಆ ಮಾತು ನೊಣವಿನಕೆರೆಯಲ್ಲಿ ಯಾರಿಗೆ ತಿಳಿಯದು? ಚಪ್ಪಾಳೆ ಒಂದೊಂದಾಗಿ ನಿಂತಿತು.

"ಅಸಲಿ ಆದ್ಮೇಲೆ ಅವ್ನ್ಯಾಕ್ ಮೇಷ್ಟ್ರೇ ಸಾರಿ ಕೇಳ್ತಾನೆ?" ಎಂದರು ಪುಟ್ಟಗೌರಮ್ಮ.

ಮೇಷ್ಟ್ರು ತಲೆಯಿಂದ ಕೈ ಇಳಿಸಿ ಎಲ್ಲವನ್ನೂ ಹೇಳಿದರು, ಸೆಕ್ರೆಟರಿ, ಮೊಮ್ಮಗಳು, ಸಾವಿರ ಸೈನು, ಒಂದನ್ನೂ ಬಿಡದೆ. ಹೇಳುವಾಗ ಚಿಕ್ಕಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ. ಮೂವತ್ತು ವರ್ಷದ ವಾದ ಗೆದ್ದ ಪುಟ್ಟಗೌರಮ್ಮನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅವರು ಫೋಟೋವನ್ನು ಸೆರಗಿನಿಂದ ಒರೆಸಿ ಸರ್ವಮಂಗಳಮ್ಮನ ಮಡಿಲಿಗೆ ಇಟ್ಟು, ಮೆಲ್ಲಗೆ ಕೇಳಿದರು:

"ಸರ್ವಕ್ಕ, ಆಯಮ್ಮ ಸೈನೇ ಹಾಕಿಲ್ವಂತಲ್ಲ. ಬೇಜಾರಾಯ್ತಾ?"

"ನಾನೇನ್ ಹಾಕಿದ್ನಾ?" ಎಂದರು ಸರ್ವಮಂಗಳಮ್ಮ. "ನನ್ ಕಾಗದ ಬರೆದಿದ್ದೂ ಸೈನ್ ಹಾಕಿದ್ದೂ ನಮ್ಮೂರ್ ಪೋಸ್ಟ್ ಮಾಸ್ಟ್ರು."