ಹೆಬ್ಬೆರಳಿನಷ್ಟು ಹಣೆ

ಮೆಟ್ರೋದಲ್ಲಿ ಎದುರು ಕೂತವರ ಮುಖವನ್ನು ದಿಟ್ಟಿಸುವುದು ಸಭ್ಯತೆಯಲ್ಲ ಎಂದು ನನಗೆ ಗೊತ್ತು. ಆದ್ದರಿಂದ ನಾನು ಹಣೆಯನ್ನು ಮಾತ್ರ ನೋಡುತ್ತೇನೆ. ಈ ಗಲ್ಫ್ ನಗರದ ಅಲ್ ಕುಸೈಸಿನಲ್ಲಿ ಹತ್ತಿ ಕೆಲಸದ ಜಾಗ ತಲುಪುವವರೆಗೆ ನನಗೆ ಇದೇ ಕಸುಬು. ಕೂದಲು ಹುಬ್ಬಿನ ಮೇಲೆಯೇ ಕೂತಂತಿರುವ ಗಿಡ್ಡ ಹಣೆ, ಮೊಬೈಲಿನ ಬೆಳಕಿಗೆ ಫಳಫಳಿಸುವ ಹಣೆ, ಎಲ್ಲಿ ಮುಗಿಯಿತೆಂದು ಹೇಳಲಾಗದೆ ನೆತ್ತಿಯವರೆಗೂ ನಡೆದುಬಿಟ್ಟ ಹಣೆ. ಒಮ್ಮೆ ಒಬ್ಬ ಸಭ್ಯ ಗೃಹಸ್ಥ ನನ್ನ ನೋಟಕ್ಕೆ ಹೆದರಿ ಕರವಸ್ತ್ರದಿಂದ ಹಣೆ ಒರೆಸಿಕೊಂಡ. ಹುಟ್ಟಿನಿಂದ ಬಂದ ಚಟವಲ್ಲ ಇದು. ಮಗಳು ತನ್ನ ಹಣೆಯನ್ನು ಕತ್ತರಿಸಿ ಚಿಕ್ಕದು ಮಾಡಿಸಿಕೊಂಡ ಮೇಲೆ ಅಂಟಿಕೊಂಡದ್ದು.

ಈಗ ನೀವು ಹಣೆಬರಹದ ಮಾತು ತೆಗೆಯುತ್ತೀರಿ. ದಯವಿಟ್ಟು ಬೇಡ. ನನ್ನ ಪರಿಚಯದವರೆಲ್ಲ ಆ ತಮಾಷೆಯನ್ನು ಸರದಿಯ ಮೇಲೆ ಮಾಡಿ ಮುಗಿಸಿದ್ದಾರೆ, ನಾನೂ ಸರದಿಯ ಮೇಲೆ ನಕ್ಕು ಮುಗಿಸಿದ್ದೇನೆ.

ಶರಲ್‌ಳ ಹಣೆ ಅಗಲವಾಗಿತ್ತು ಎಂಬುದು ನಿಜ. ಅದು ನನ್ನ ಕಡೆಯ ಸೊತ್ತಲ್ಲ. ನನ್ನ ಗಂಡ ಲಾರೆನ್ಸ್‌ನ ಹಣೆಯನ್ನು ಹಾಗೇ ಎತ್ತಿ ಮಗುವಿಗೆ ಇಟ್ಟಂತಿತ್ತು. ಹೆರಿಗೆಯಾದ ದಿನ ಅವನು ಮಗುವನ್ನು ನೋಡಿ ಮೊದಲು ಮುಟ್ಟಿ ನೋಡಿದ್ದೇ ಅದನ್ನು. ಶಾಲೆಯಲ್ಲಿ ಹುಡುಗರು ಅವಳಿಗೆ 'ಡೆಸರ್ಟ್ ಸಫಾರಿ' ಎಂದು ಹೆಸರಿಟ್ಟಿದ್ದರು. ಅವಳು ಅತ್ತುಕೊಂಡು ಬಂದಾಗ ಲಾರೆನ್ಸ್, ಸಫಾರಿಗೆ ಜನ ದುಡ್ಡು ಕೊಟ್ಟು ಹೋಗುತ್ತಾರೆ, ನಿನ್ನನ್ನು ಪುಕ್ಕಟೆ ನೋಡುತ್ತಾರಲ್ಲ ಎಂದು ಸಮಾಧಾನ ಹೇಳಿದ್ದ. ಸಮಾಧಾನ ಹೇಳುವುದರಲ್ಲಿ ಅವನು ಯಾವಾಗಲೂ ಹಿಂದೆ.

ಅವನ ಕೆಲಸ ರುವೈಸ್‌ನ ರಿಫೈನರಿಯಲ್ಲಿ, ವಾಸ ಕಂಪನಿಯ ಕ್ವಾರ್ಟರ್ಸಿನಲ್ಲಿ. ವಾರದ ಕೊನೆಗೆ ನಮ್ಮ ಫ್ಲ್ಯಾಟಿಗೆ ಬಂದು, ಮತ್ತೆ ಹೊರಡುವಾಗ ಮಗಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆಯುತ್ತಿದ್ದ. ನಮ್ಮ ಮಂಗಳೂರು ಕಡೆಯ ಕ್ರೈಸ್ತರಲ್ಲಿ ಹಿರಿಯರು ಬೆಸಾಂವ್, ಅಂದರೆ ಆಶೀರ್ವಾದ, ಕೊಡುವುದು ಹೀಗೆ. ಎಲ್ಲರೂ ಹಣೆಯ ನಡುವೆ ಬರೆದರೆ ಇವನು ಮೇಲೆ, ಕೂದಲು ಶುರುವಾಗುವಲ್ಲಿ ಬರೆಯುತ್ತಿದ್ದ. ಅಷ್ಟು ದೊಡ್ಡ ಜಾಗವಿದ್ದೂ ಅಂಚಿಗೇ ಹೋಗುವುದೇಕೆ ಎಂದು ಕೇಳಿದರೆ, ನಡುವಿನ ಜಾಗ ನಿನಗೆ ಬಿಟ್ಟಿದ್ದೇನೆ ಎನ್ನುತ್ತಿದ್ದ. ಮಗಳು ಕೆಲಸಕ್ಕೆ ಸೇರಿದ ಮೇಲೂ ಈ ಶಿಲುಬೆ ತಪ್ಪಲಿಲ್ಲ.

ಮೂರು ವರ್ಷದ ಹಿಂದೆ ರುವೈಸ್‌ನಲ್ಲೇ ಅವನ ಹೃದಯ ನಿಂತಿತು. ಇಲ್ಲಿ ತೀರಿಕೊಂಡವರನ್ನು ವಿಮಾನದಲ್ಲಿ ಊರಿಗೆ ಕಳಿಸುವ ಮೊದಲು ದೇಹ ಕೆಡದಂತೆ ಔಷಧಿ ಹಾಕುತ್ತಾರೆ. ಅದಾದ ಮೇಲೆ ಮುಖ ನೋಡಲು ನಮ್ಮನ್ನು ಒಳಗೆ ಬಿಟ್ಟರು. ನನ್ನಿಂದ ಅವನ ಕೈ ಮುಟ್ಟುವುದಷ್ಟೇ ಆಯಿತು. ಶರಲ್ ಬಗ್ಗಿ ಅಪ್ಪನ ಹಣೆಗೆ ಮುತ್ತಿಟ್ಟಳು, ತುಟಿ ತೆಗೆಯಲೇ ಇಲ್ಲ. ಹೊರಗೆ ಇನ್ನೊಂದು ಕುಟುಂಬ ಕಾಯುತ್ತಿತ್ತು. ಅಲ್ಲಿಯ ನೌಕರ ಮೆಲ್ಲಗೆ, "ಖಲಾಸ್, ಯಲ್ಲಾ" ಎಂದ. ತರಕಾರಿ ಅಂಗಡಿಯಲ್ಲೂ ಟ್ಯಾಕ್ಸಿಯಲ್ಲೂ ದಿನಾ ಕೇಳುವ ಎರಡು ಶಬ್ದಗಳು. ಮುಗೀತು, ನಡೀರಿ. ಅವನದ್ದೇನೂ ತಪ್ಪಿಲ್ಲ, ಆದರೆ ಆ ಶಬ್ದಗಳು ಇವತ್ತಿಗೂ ನನ್ನ ಎದೆಗೆ ಚುಚ್ಚುತ್ತವೆ.

ಹೋದ ವರ್ಷ ಶರಲ್‌ಳ ಮದುವೆ ನಿಶ್ಚಯವಾಯಿತು. ಹುಡುಗ ಅಬುಧಾಬಿಯ ಹೋಟೆಲೊಂದರಲ್ಲಿ ಲೆಕ್ಕಪತ್ರ ನೋಡುವವನು, ನಮ್ಮವನೇ. ಅದಾಗಿ ಸ್ವಲ್ಪ ದಿನಕ್ಕೆ ಅವಳು ಹಣೆಯ ಆಪರೇಷನ್ನಿನ ವಿಷಯ ಹೇಳಿದಳು. ಮದುವೆಯ ಫೋಟೋಗಾಗಿ ಎಂದು ನಾನೇ ತೀರ್ಮಾನಿಸಿ ಉಪದೇಶಕ್ಕೆ ಕೂತೆ. ಯುರೋಪಿನಲ್ಲಿ ಒಂದು ಕಾಲಕ್ಕೆ ಹೆಂಗಸರು ಹಣೆ ದೊಡ್ಡದಾಗಿ ಕಾಣಲೆಂದು ಮುಂದಲೆಯ ಕೂದಲನ್ನೇ ಕೀಳಿಸಿಕೊಳ್ಳುತ್ತಿದ್ದರಂತೆ. ನಮ್ಮ ಕವಿಗಳು ಹಣೆಯನ್ನು ಅರ್ಧಚಂದ್ರನಿಗೆ ಹೋಲಿಸಿದ್ದಾರೆ, ಚಂದ್ರ ಸಣ್ಣಗಾಗಬೇಕೆಂದು ಅವರಲ್ಲಿ ಒಬ್ಬನೂ ಬರೆದದ್ದು ನನಗೆ ಗೊತ್ತಿಲ್ಲ. ಇಷ್ಟೆಲ್ಲ ಹೇಳಿದೆ. ನನ್ನ ಕೊಂಕಣಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, "ಮಮ್ಮಿ, ಇಟ್ಸ್ ಮೈ ಫೇಸ್" ಎಂದಳು. ಹುಬ್ಬಿನಿಂದ ಕೆಳಗೆ ಮಾತ್ರ ನಿನ್ನದು, ಮೇಲಿನದ್ದು ಪಪ್ಪನದ್ದು ಎಂದೆ. ಅವಳು ಎದ್ದು ಕೋಣೆಗೆ ಹೋದಳು. ವಾದದಲ್ಲಿ ಗೆದ್ದೆ ಎಂದುಕೊಂಡು ನಾನು ಚಹಾ ಕುಡಿದೆ.

ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ಕೂದಲಿನ ಅಂಚಿಗೆ ಸರಿಯಾಗಿ ಕೊಯ್ದು, ಹಣೆಯ ಮೇಲ್ಭಾಗದ ಒಂದು ಪಟ್ಟಿ ಚರ್ಮ ತೆಗೆದು, ನೆತ್ತಿಯ ಚರ್ಮವನ್ನು ಮುಂದಕ್ಕೆ ಎಳೆದು ಹೊಲಿಯುತ್ತಾರಂತೆ. ಹೊಲಿಗೆಯ ಸುತ್ತ ಮತ್ತು ಅದರ ಹಿಂದೆ ನೆತ್ತಿಯಲ್ಲಿ ಸ್ಪರ್ಶ ಹೋಗುತ್ತದೆ, ಬಹಳ ಜನರಿಗೆ ತಿಂಗಳುಗಳಲ್ಲಿ ಮರಳುತ್ತದೆ, ಕೆಲವರಿಗೆ ಪೂರ್ತಿ ಮರಳುವುದಿಲ್ಲ ಎಂದರು. ಪೆನ್ನಿನಿಂದ ಅವಳ ಹಣೆಯ ಮೇಲೆ ಗೆರೆ ಎಳೆದರು. ಗೆರೆಗೂ ಕೂದಲಿಗೂ ನಡುವೆ ಒಂದು ಹೆಬ್ಬೆರಳಿನ ಅಗಲ. ಆ ಪಟ್ಟಿಯನ್ನು ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. ಪಾಲಿಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಇಷ್ಟು ವರ್ಷ ಕೂತ ನನಗೆ ಅದು ಆಸ್ಪತ್ರೆಯ ಕಸದ ಹಳದಿ ಚೀಲಕ್ಕೆ ಹೋಗುತ್ತದೆ ಎಂದು ಗೊತ್ತಿಲ್ಲದೆ ಇಲ್ಲ. ಆದರೂ ಬಾಯಿಗೆ ಬಂತು. ಶರಲ್ ನಾಚಿಕೆಯಿಂದ ಗೋಡೆ ನೋಡಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮುಖ ಊದಿ ಇಳಿಯಿತು, ಗಾಯ ಒಣಗಿತು, ಕಲೆ ಕೂದಲಿನ ಅಂಚಿನಲ್ಲಿ ಅಡಗಿತು. ಚೆಂದ ಕಾಣುತ್ತಿದ್ದಳು, ಸುಳ್ಳೇಕೆ ಹೇಳಲಿ. ಆದರೆ ಬಾಚಣಿಗೆ ಹಚ್ಚಿದರೆ ಬೇರೆ ಯಾರದ್ದೋ ತಲೆ ಬಾಚಿದ ಹಾಗಾಗುತ್ತದೆ ಎನ್ನುತ್ತಿದ್ದಳು.

ಎಲ್ಲವನ್ನೂ ಲೆಕ್ಕ ಹಾಕಿದ್ದೆವು, ರಜೆ, ಗಾಯ ಮಾಯುವ ಕಾಲ, ಫೋಟೋದ ದಿನ. ರೋಸ್ ಒಂದನ್ನು ಮರೆತಿದ್ದೆವು. ಮದುವೆಯ ಮುನ್ನಾದಿನ ಮದುಮಗಳನ್ನು ಕೂರಿಸಿ, ಬಂಧುಬಳಗವೆಲ್ಲ ಒಬ್ಬೊಬ್ಬರಾಗಿ ಅವಳ ಹಣೆಗೆ ಶಿಲುಬೆ ಬರೆದು, ತಲೆಗೆ ಎಣ್ಣೆಯನ್ನೂ ತೆಂಗಿನಹಾಲನ್ನೂ ಸುರಿದು ತಿಕ್ಕುವ ಶಾಸ್ತ್ರ. ತಲೆಯೇ ಅಲ್ಲಿ ಮುಖ್ಯ. ಆ ಹೊತ್ತಿಗೆ ಡಾಕ್ಟರೇನೋ ಅಡ್ಡಿಯಿಲ್ಲ ಎಂದರು. ಆದರೆ ನನ್ನ ನಾದಿನಿ ಐರಿನ್ ತಲೆ ತಿಕ್ಕಿದರೆ ಗಾಯವಿಲ್ಲದವರೂ ಕೂಗುತ್ತಾರೆ.

ಶಾಸ್ತ್ರಕ್ಕೆಂದು ಹಿಡಿದ ಅಲ್ ನಹ್ದಾದ ಹಾಲ್‌ನವರು ಕಾರ್ಪೆಟ್ ಹಾಳಾಗುತ್ತದೆಂದು ಪ್ಲಾಸ್ಟಿಕ್ ಹಾಸಿಕೊಟ್ಟಿದ್ದರು. ಅದರ ಮೇಲೆ ಕುರ್ಚಿ, ಕುರ್ಚಿಯಲ್ಲಿ ನನ್ನ ಮಗಳು. ವಿಧವೆ ಮೊದಲು ಹಾಕಬಹುದೇ ಎಂದು ಯಾರೋ ಪಿಸುಗುಟ್ಟಿದರು. ಐರಿನ್ ತಿರುಗಿ, "ಹೆತ್ತವಳು ಹಾಕದೆ ಮತ್ತೆ ಯಾರು ಹಾಕುದು ಮಾರಾಯ್ತಿ?" ಎಂದು ಅವರ ಬಾಯಿ ಮುಚ್ಚಿಸಿದಳು. ಹಣೆಯ ನಡುವೆ ನನ್ನ ಶಿಲುಬೆ ಬರೆದೆ. ಆಮೇಲೆ ಲಾರೆನ್ಸ್‌ನದ್ದು ಬರೆಯಲು ಹೆಬ್ಬೆರಳು ಮೇಲೆ ಹೋಯಿತು, ಅಲ್ಲೇ ತಡೆದು ನಿಂತಿತು. ಅವನು ಮುಟ್ಟುತ್ತಿದ್ದ ಜಾಗವೇ ಅಲ್ಲಿರಲಿಲ್ಲ. ಅದು ಎಂದೋ ಹಳದಿ ಚೀಲದಲ್ಲಿ ಹೋಗಿಯಾಗಿತ್ತು. ಈಗ ಕೂದಲು ಶುರುವಾಗುವಲ್ಲಿ, ಹೊಸ ಅಂಚಿನಲ್ಲಿ, ಗಟ್ಟಿಯಾಗಿ ಒತ್ತಿ ಬರೆದೆ. ಶರಲ್ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದಳು.

"ಮಮ್ಮಿ, ಪಪ್ಪನದ್ದು?" ಎಂದಳು.

"ಹಾಕಿ ಆಯ್ತು" ಎಂದೆ.

ಅವಳು ಕಣ್ಣು ತೆರೆದು ನನ್ನ ಹೆಬ್ಬೆರಳನ್ನು ನೋಡಿದಳು. ಅಷ್ಟರಲ್ಲಿ ಐರಿನ್ ತೆಂಗಿನಹಾಲು ಸುರಿದಳು, ಹೆಂಗಸರು ಹಾಡು ಎತ್ತಿಕೊಂಡರು. ಆಮೇಲೆ ಅವಳ ಮುಖದಲ್ಲಿ ಹರಿದದ್ದರಲ್ಲಿ ಹಾಲೆಷ್ಟು, ಕಣ್ಣೀರೆಷ್ಟು ಎಂದು ನನಗೆ ಮಾತ್ರ ಗೊತ್ತಿತ್ತು.

ರೋಸ್ ಆದ ಮೇಲೆ ಮದುಮಗಳಿಗೆ ಸ್ನಾನ ಮಾಡಿಸಬೇಕು. ಮನೆಗೆ ಬಂದು ಸ್ಟೂಲಿನ ಮೇಲೆ ಕೂರಿಸಿ ನಾನೇ ಅವಳ ತಲೆ ತೊಳೆದೆ. ಆಗ ಅವಳು ಕೊಂಕಣಿಯಲ್ಲೇ ಹೇಳಿದಳು, "ಫೋಟೋಕ್ಕೆ ಅಂತ ಮಾಡಿಸಿದ್ದಲ್ಲ ಮಮ್ಮಿ. ಮುಖ ತೊಳೀವಾಗೆಲ್ಲ ಪಪ್ಪನ ಹಣೆ ಕೈಗೆ ಸಿಗ್ತಿತ್ತು. ಅವತ್ತಿಂದು. ತಣ್ಣಗಿನದ್ದು." ಕಣ್ಣಿಗಿಳಿದ ನೀರು ಒರೆಸಿಕೊಂಡು, "ಅದು ಹೋಗ್ಲಿ ಅಂತ ಮಾಡಿಸಿದೆ. ಬೆಚ್ಚಗಿನದ್ದೂ ಒಟ್ಟಿಗೆ ಹೋಯ್ತು" ಎಂದಳು. ನನಗೆ ಅರ್ಧಚಂದ್ರನೂ ನೆನಪಾಗಲಿಲ್ಲ, ಯುರೋಪಿನ ಹೆಂಗಸರೂ ನೆನಪಾಗಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬನಿಗಾಗಿಯೇ ಅಳುತ್ತಿದ್ದರೂ, ಅವಳ ದುಃಖ ಇದ್ದ ಜಾಗವನ್ನು ನಾನು ಶೋಕಿ ಎಂದು ತಿಳಿದಿದ್ದೆ. ನೀರು ಹೊಯ್ಯುತ್ತಾ ಹೋದೆ.

ಈಗ ಅವಳ ಸಂಸಾರ ಅಬುಧಾಬಿಯಲ್ಲಿ. ವಾರದ ಕೊನೆಗೆ ಗಂಡನೊಂದಿಗೆ ಬರುತ್ತಾಳೆ, ಹೊರಡುವಾಗ ಬಾಗಿಲಲ್ಲಿ ತಲೆ ಬಗ್ಗಿಸಿ ಕಣ್ಣು ಮುಚ್ಚಿ ನಿಲ್ಲುತ್ತಾಳೆ. ನಾನು ಕೂದಲಿನ ಅಂಚಿನಲ್ಲಿ ಶಿಲುಬೆ ಬರೆದು, ಗೊತ್ತಾಯಿತಾ ಎಂದು ಕೇಳುತ್ತೇನೆ. ಇಲ್ಲ ಎನ್ನುತ್ತಾಳೆ. ಡಾಕ್ಟರು ಹೇಳಿದ ತಿಂಗಳುಗಳು ಕಳೆದಿವೆ, ಇನ್ನೂ ಕಾಯೋಣ ಎನ್ನುತ್ತಾರೆ. ಮೆಟ್ರೋದಲ್ಲಿ ನಾನು ಹಣೆಗಳನ್ನು ನೋಡುವುದು ಇದಕ್ಕೇ. ಇವರಲ್ಲಿ ಯಾರ್ಯಾರನ್ನು ಯಾರು ಎಲ್ಲಿ ಮುಟ್ಟಿದ್ದಾರೋ, ಆ ಜಾಗ ಇನ್ನೂ ಹಾಗೇ ಇದೆಯೋ ಎಂದು.

ಹೋದ ವಾರವೂ ಬಂದಿದ್ದರು. ಅಳಿಯ ಲಿಫ್ಟಿನ ಬಾಗಿಲು ಹಿಡಿದುಕೊಂಡಿದ್ದ. ಶರಲ್ ಎಂದಿನಂತೆ ಕಣ್ಣು ಮುಚ್ಚಿ ನಿಂತಳು. ಪಾತ್ರೆ ತೊಳೆಯುತ್ತಿದ್ದವಳು ನಾನು, ಒದ್ದೆ ಕೈಯನ್ನು ಇನ್ನೂ ನೈಟಿಗೆ ಒರೆಸಿಕೊಳ್ಳುತ್ತಿದ್ದೆ.

"ಗೊತ್ತಾಯ್ತು ಮಮ್ಮಿ" ಎಂದಳು.

"ಹೌದಾ? ಒಳ್ಳೇದಾಯ್ತು ಮಗಾ" ಎಂದೆ. ಆಮೇಲೆ ಹೆಬ್ಬೆರಳು ಇಟ್ಟೆ.