ಹುಲ್ಲು ನಿಮ್ಮದು, ಕಲ್ಲಿದ್ದಲು ಯಾರದೋ
ಕಚೇರಿಯ ಹಿತ್ತಲಲ್ಲಿ ಕಲ್ಲಿದ್ದಲಿನ ರೈಲು ಗಡಗಡಿಸಿದರೆ, ನಮ್ಮ ವೆಸ್ಟ್ ವರ್ಜೀನಿಯಾ ಕಣಿವೆಯ ಜಮೀನು ವಕೀಲರಾದ ಸ್ಟಿಲ್ಟ್ನರ್ ಕೊನೆಯ ಡಬ್ಬಿ ದಾಟುವವರೆಗೆ ತುಟಿ ಬಿಚ್ಚುವುದಿಲ್ಲ. ಬದುಕಿರುವವರ ಮುಖಕ್ಕಿಂತ ಹಳೆಯ ಕ್ರಯಪತ್ರಗಳಲ್ಲಿನ ಸತ್ತವರ ಸಹಿಗಳೇ ಅವರಿಗೆ ಹೆಚ್ಚು ಪರಿಚಿತ. "ಮೇಲಿನ ಹುಲ್ಲು ನಿಮ್ದು, ಕೆಳಗಿನ ಕಲ್ಲಿದ್ದಲನ್ನ ನಿಮ್ಮಜ್ಜ ಮಾರ್ಬಿಟ್ಟಿದ್ದಾರೆ" ಎಂಬುದನ್ನು ಸಾವಿನ ಸುದ್ದಿಯಂತೆ ಮೆಲ್ಲಗೆ ಹೇಳುತ್ತಾರೆ. ಇವತ್ತು ಜಮೀನಿನ ಪತ್ರ ಹಿಡಿದು ಬಂದಿದ್ದ ಓಪಲ್ ಅಜ್ಜಿ ಅದನ್ನು ಕೇಳಿ ರೇಗಿದರು: "ಗಣಿ ಕಂಪನಿಯೋರು ಅಗೆದ್ರೆ ನನ್ನ ನೀರಿನ ಬುಗ್ಗೆ ಬತ್ತೋಗತ್ತೆ. ನೀನೇನು ವಕೀಲನೋ, ಪಾದ್ರಿಯೋ?" ವಕೀಲರು ನಗಲಿಲ್ಲ. ಅವರ ತಾಯಿಯ ಸಮಾಧಿಯ ಅಡಿಯಲ್ಲೇ ಗಣಿ ಹಾದುಹೋಗಿದೆ. ಪ್ರತಿ ಮೇ ತಿಂಗಳು ಹೂವಿಡಲು ಹೋದಾಗ ನೆಲ ಕುಸಿದು ವಾಲಿದ ಸಮಾಧಿಗಲ್ಲನ್ನು ನೆಟ್ಟಗೆ ನಿಲ್ಲಿಸಿ ಬರುತ್ತಾರೆ. "ಅಮ್ಮನ ಸಮಾಧಿ ವಿಷಯದಲ್ಲಿ ನಾನು ತಡ ಮಾಡ್ದೆ, ಅಜ್ಜಿ. ನಿಮ್ಮ ಬುಗ್ಗೆಗೆ ಇವತ್ತೇ ತಡೆಯಾಜ್ಞೆ ತಂದ್ರೆ, ಅವರ ಯಂತ್ರ ಬರೋಕೆ ಮುಂಚೆ..." ಎನ್ನುತ್ತಲೇ, ಟೋಪಿಯನ್ನೂ ಮರೆತು, ಕೋರ್ಟಿನ ಕಡೆ ನಡೆದೇಬಿಟ್ಟರು.